ಮ್ಯಾಂಚೆಸ್ಟರ್‌ಗೆ ಹೊರಟವರ ಪ್ರಶ್ನೆಗಳು

ಇಂಗ್ಲೆಂಡ್ ಪ್ರವಾಸವನ್ನು ಲಂಡನ್‌ನಲ್ಲೇ ಮುಗಿಸಿಬಿಡುವವರು ಹೆಚ್ಚು. ಈ ಸಲದ ಪತ್ರಗಳಲ್ಲಿ ಮಾತ್ರ ಉತ್ತರದ ಮ್ಯಾಂಚೆಸ್ಟರ್ ಬಗ್ಗೆ ಕೇಳಿದವರೇ ಬಹಳ. ಮಕ್ಕಳು ಅಲ್ಲಿ ಓದುತ್ತಿರುವವರು, ಆಫೀಸ್ ಕೆಲಸಕ್ಕೆ ಹೋಗುವವರು, ಆಟ ನೋಡಲು ಹೋಗುವವರು ಎಲ್ಲರೂ ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ. ದರ ಮತ್ತು ವೇಳೆ ಬದಲಾಗುತ್ತಿರುತ್ತವೆ, ಹೊರಡುವ ವಾರ ಇನ್ನೊಮ್ಮೆ ನೋಡಿಕೊಳ್ಳಿ.

ಪ್ರಶ್ನೆ: ನಾವಿಬ್ಬರೂ ಅರವತ್ತು ದಾಟಿದವರು. ಲಂಡನ್‌ನಲ್ಲಿರುವ ಮಗಳ ಮನೆಯಿಂದ ಮೂರು ದಿನಕ್ಕೆ ಮ್ಯಾಂಚೆಸ್ಟರ್‌ಗೆ ಹೋಗಿಬರುವ ಆಸೆ. ರೈಲಿನ ಟಿಕೆಟ್ ವಿಮಾನಕ್ಕಿಂತ ದುಬಾರಿ ಎನ್ನುತ್ತಾರೆ, ನಿಜವೇ? (ಮೈಸೂರು)

ಉತ್ತರ: ಹೊರಡುವ ದಿನ ಕೌಂಟರ್‌ನಲ್ಲಿ ಕೊಂಡರೆ ನಿಜ. ಲಂಡನ್ ಯೂಸ್ಟನ್‌ನಿಂದ ಮ್ಯಾಂಚೆಸ್ಟರ್ ಪಿಕಡಿಲಿಗೆ ಸುಮಾರು ಎರಡು ಗಂಟೆ ಹತ್ತು ನಿಮಿಷದ ದಾರಿ. ಇದೇ ದಾರಿಗೆ ಅಡ್ವಾನ್ಸ್ ಟಿಕೆಟ್ ಒಂದು ದರ, ಬೆಳಗಿನ ದಟ್ಟಣೆಯ ಹೊತ್ತಿನ ಎನಿಟೈಮ್ ಟಿಕೆಟ್ ಅದರ ಹಲವು ಪಟ್ಟು. ಅಡ್ವಾನ್ಸ್ ಟಿಕೆಟ್‌ಗಳು ಸಾಮಾನ್ಯವಾಗಿ ಎರಡು ಮೂರು ತಿಂಗಳು ಮೊದಲೇ ಮಾರಾಟಕ್ಕೆ ಬರುತ್ತವೆ. ಅಗ್ಗದವು ಬೇಗ ಖಾಲಿಯಾಗುತ್ತವೆ. ಅವು ಬರೆದಿರುವ ರೈಲಿಗೆ ಮಾತ್ರ ಸಲ್ಲುತ್ತವೆ, ನಿಮ್ಮ ತಪ್ಪಿನಿಂದ ಆ ರೈಲು ತಪ್ಪಿದರೆ ಮುಂದಿನದಕ್ಕೆ ಹೊಸ ಟಿಕೆಟ್. ಯೂಸ್ಟನ್‌ನಲ್ಲಿ ಪ್ಲಾಟ್‌ಫಾರ್ಮ್ ಸಂಖ್ಯೆ ಕೊನೆಯ ಹೊತ್ತಿಗೆ ಬೋರ್ಡಿನ ಮೇಲೆ ಬರುತ್ತದೆ, ಬಂದ ಕೂಡಲೇ ಜನ ಒಟ್ಟಿಗೆ ನುಗ್ಗುತ್ತಾರೆ. ಅರ್ಧ ಗಂಟೆ ಮೊದಲೇ ಬೋರ್ಡ್ ಕಾಣುವ ಜಾಗದಲ್ಲಿ ನಿಂತಿರಿ.

ನಿಮ್ಮ ವಯಸ್ಸಿಗೆ ಸೀನಿಯರ್ ರೈಲ್‌ಕಾರ್ಡ್ ಸಿಗುತ್ತದೆ. ವರ್ಷಕ್ಕೆ 35 ಪೌಂಡ್ ಆಸುಪಾಸು, ಟಿಕೆಟ್‌ನಲ್ಲಿ ಮೂರನೇ ಒಂದು ಭಾಗ ಕಡಿತ. ಬ್ರಿಟಿಷ್ ಪ್ರಜೆಯಾಗಿರಬೇಕಿಲ್ಲ, ಸ್ಟೇಷನ್ ಕೌಂಟರ್‌ನಲ್ಲಿ ಪಾಸ್‌ಪೋರ್ಟ್ ತೋರಿಸಿದರೆ ಸಾಕು. ಇಬ್ಬರೂ ಯಾವಾಗಲೂ ಜೊತೆಯಲ್ಲೇ ಓಡಾಡುವುದಾದರೆ ಟೂ ಟುಗೆದರ್ ಎಂಬ ಒಂದೇ ಕಾರ್ಡ್ ಇಬ್ಬರಿಗೂ ಆಗುತ್ತದೆ, ಆದರೆ ಅದು ವಾರದ ದಿನಗಳಲ್ಲಿ ಬೆಳಿಗ್ಗೆ 9.30ರ ನಂತರ ಮಾತ್ರ. ಮ್ಯಾಂಚೆಸ್ಟರ್‌ಗೆ ಹೋಗಿಬರುವ ಒಂದೇ ಪ್ರಯಾಣದಲ್ಲಿ ಕಾರ್ಡಿನ ದುಡ್ಡು ಬಹುಪಾಲು ಹುಟ್ಟಿಬಿಡುತ್ತದೆ.

ದಾರಿಯಲ್ಲಿ ಕೊನೆಗೆ ಸ್ಟಾಕ್‌ಪೋರ್ಟ್ ಬರುತ್ತದೆ. ಊರು ಬಂತೆಂದು ಅಲ್ಲಿ ಇಳಿಯಬೇಡಿ, ಪಿಕಡಿಲಿ ಇನ್ನೂ ಹತ್ತು ನಿಮಿಷ. ಪಿಕಡಿಲಿಯಿಂದ ಲಿವರ್‌ಪೂಲ್ ಕಡೆಗೆ ಒಂದು ದಿನದ ಸುತ್ತು ಹಾಕುವುದಾದರೆ ಪ್ಲಾಟ್‌ಫಾರ್ಮ್ 13 ಮತ್ತು 14ರ ವಿಷಯ ನೆನಪಿರಲಿ. ಅವು ಮುಖ್ಯ ಹಾಲ್‌ನಲ್ಲಿ ಇಲ್ಲ, ಮೇಲಿನ ಅಂತಸ್ತು ಹತ್ತಿ ಉದ್ದಕ್ಕೆ ನಡೆದು ಇಳಿಯಬೇಕು. ಮಂಡಿನೋವಿದ್ದವರು ಹತ್ತು ನಿಮಿಷ ಕೈಯಲ್ಲಿಟ್ಟುಕೊಳ್ಳಿ. ರೈಲಿನ ಬಾಗಿಲು ಹೊರಡುವ ಹೊತ್ತಿಗೆ ಮೊದಲೇ ಮುಚ್ಚುತ್ತದೆ.

ಪ್ರಶ್ನೆ: ಬೆಂಗಳೂರಿನಿಂದ ನೇರ ವಿಮಾನ ಸಿಗದಿದ್ದರೆ ಲಂಡನ್‌ನಲ್ಲಿ ಇಳಿದು ರೈಲು ಹಿಡಿಯುವುದೇ ಮೇಲೇ? (ಬೆಂಗಳೂರು)

ಉತ್ತರ: ಲಂಡನ್ ನೋಡುವ ಇರಾದೆ ಇಲ್ಲದಿದ್ದರೆ ಬೇಡ. ದುಬೈ, ಅಬುಧಾಬಿ, ದೋಹಾ ಮೂಲಕ ಒಂದೇ ಟಿಕೆಟ್‌ನಲ್ಲಿ ಮ್ಯಾಂಚೆಸ್ಟರ್‌ಗೇ ಹೋಗಬಹುದು. ಹೀಥ್ರೂನಿಂದ ಪೆಟ್ಟಿಗೆ ಎಳೆದುಕೊಂಡು ಯೂಸ್ಟನ್‌ಗೆ ಹೋಗುವ ಪಾಡು ತಪ್ಪುತ್ತದೆ. ಮ್ಯಾಂಚೆಸ್ಟರ್ ವಿಮಾನ ನಿಲ್ದಾಣದೊಳಗೇ ರೈಲು ಮತ್ತು ಟ್ರಾಮ್ ಎರಡೂ ಇವೆ. ರೈಲು ಪಿಕಡಿಲಿಗೆ ಇಪ್ಪತ್ತು ನಿಮಿಷದೊಳಗೆ ಮುಟ್ಟಿಸುತ್ತದೆ. ಟ್ರಾಮ್ ಬಡಾವಣೆಗಳನ್ನೆಲ್ಲ ಸುತ್ತಿ ಮುಕ್ಕಾಲು ಗಂಟೆಗೂ ಮೀರಿ ತೆಗೆದುಕೊಳ್ಳುತ್ತದೆ. ರೈಲು ಹತ್ತಿ.

ಪ್ರಶ್ನೆ: ಎಲ್ಲಿ ಉಳಿದರೆ ಓಡಾಟಕ್ಕೆ ಅನುಕೂಲ? ಟ್ರಾಮ್‌ನಲ್ಲಿ ಟಿಕೆಟ್ ಕೊಳ್ಳುವುದು ಹೇಗೆ? (ಮಂಗಳೂರು, ಉಡುಪಿಯ ಓದುಗರು)

ಉತ್ತರ: ಪಿಕಡಿಲಿ, ವಿಕ್ಟೋರಿಯಾ, ಡೀನ್ಸ್‌ಗೇಟ್ ಈ ಮೂರು ಸ್ಟೇಷನ್‌ಗಳ ನಡುವೆ ಉಳಿಯಿರಿ. ಊರಿನ ನಡುಭಾಗ ಚಿಕ್ಕದು, ಈ ಮೂಲೆಯಿಂದ ಆ ಮೂಲೆಗೆ ಅರ್ಧ ಗಂಟೆಯ ನಡಿಗೆ. ಸಮತಟ್ಟು ಬೇರೆ. ನಾರ್ದರ್ನ್ ಕ್ವಾರ್ಟರ್ ಮತ್ತು ಡೀನ್ಸ್‌ಗೇಟ್ ಲಾಕ್ಸ್ ಬಳಿ ಶುಕ್ರವಾರ, ಶನಿವಾರ ರಾತ್ರಿ ಬಾರುಗಳ ಗದ್ದಲ ಜೋರು. ನಿದ್ದೆ ಮುಖ್ಯವಾದರೆ ಸೇಂಟ್ ಪೀಟರ್ಸ್ ಸ್ಕ್ವೇರ್ ಸುತ್ತ ನೋಡಿ, ಹಿಂಬದಿಯ ಕೋಣೆ ಕೇಳಿ. ಕೋಣೆ ಕಾಯ್ದಿರಿಸುವ ಮೊದಲು ಆ ವಾರಾಂತ್ಯದಲ್ಲಿ ದೊಡ್ಡ ಸಂಗೀತ ಕಾರ್ಯಕ್ರಮವೋ ಫುಟ್‌ಬಾಲ್ ಪಂದ್ಯವೋ ಇದೆಯೇ ನೋಡಿ. ಇದ್ದರೆ ದರ ಸಿಕ್ಕಾಪಟ್ಟೆ ಏರುತ್ತದೆ, ಒಂದು ದಿನ ಹಿಂದೆ ಮುಂದೆ ಮಾಡಿದರೆ ಇಳಿಯುತ್ತದೆ. ಬಿಲ್ಲಿನಲ್ಲಿ ಕೋಣೆಗೆ ರಾತ್ರಿಯೊಂದಕ್ಕೆ 1 ಪೌಂಡ್ ಮತ್ತು ಅದರ ಮೇಲಿನ ತೆರಿಗೆ ಹೆಚ್ಚುವರಿ ಕಂಡರೆ ಗಾಬರಿ ಬೇಡ. 2023ರ ಏಪ್ರಿಲ್‌ನಿಂದ ನಗರದ ಹೋಟೆಲ್‌ಗಳು ವಸೂಲು ಮಾಡುತ್ತಿರುವ ಪ್ರವಾಸಿ ಶುಲ್ಕ ಅದು.

ಟ್ರಾಮ್‌ಗೆ ಕಾಗದದ ಟಿಕೆಟ್ ಬೇಕಿಲ್ಲ. ನಿಲ್ದಾಣದ ಕಂಬದಲ್ಲಿರುವ ಯಂತ್ರಕ್ಕೆ ಹತ್ತುವ ಮೊದಲು ನಿಮ್ಮ ಕಾರ್ಡ್ ಮುಟ್ಟಿಸಿ, ಇಳಿದ ಮೇಲೆ ಇನ್ನೊಮ್ಮೆ ಮುಟ್ಟಿಸಿ. ಯಂತ್ರ ಟ್ರಾಮ್‌ನ ಒಳಗಿಲ್ಲ, ನಿಲ್ದಾಣದಲ್ಲೇ ಇದೆ. ಹೊಸಬರು ಎಡವುವುದು ಇಲ್ಲೇ. ಇಳಿದು ಮುಟ್ಟಿಸದೆ ಹೋದರೆ ಪೂರ್ತಿ ದರ ಕಡಿತವಾಗುತ್ತದೆ, ಹತ್ತುವಾಗ ಮುಟ್ಟಿಸದೆ ತಪಾಸಣೆಯಲ್ಲಿ ಸಿಕ್ಕರೆ ದಂಡ. ಹತ್ತುವಾಗ ಫೋನ್, ಇಳಿಯುವಾಗ ಪ್ಲಾಸ್ಟಿಕ್ ಕಾರ್ಡ್ ಮುಟ್ಟಿಸುವುದೂ ತಪ್ಪು. ಖಾತೆ ಒಂದೇ ಆದರೂ ಯಂತ್ರಕ್ಕೆ ಅವು ಎರಡು ಬೇರೆ ಕಾರ್ಡ್. ಗಂಡ ಹೆಂಡತಿ ಒಂದೇ ಕಾರ್ಡಿನಲ್ಲಿ ಹೋಗುವಂತಿಲ್ಲ, ತಲೆಗೊಂದು ಬೇಕು. ಹಳದಿ ಬಣ್ಣದ ಬೀ ನೆಟ್‌ವರ್ಕ್ ಬಸ್‌ಗಳಲ್ಲಿ ಹತ್ತುವಾಗ ಮಾತ್ರ ಮುಟ್ಟಿಸುವುದು, ಇಳಿಯುವಾಗ ಬೇಡ. 2025ರಿಂದ ಬಸ್ಸಿಗೂ ಟ್ರಾಮ್‌ಗೂ ಸೇರಿಸಿ ದಿನದ ಗರಿಷ್ಠ ಮೊತ್ತ ನಿಗದಿಯಾಗಿದೆ, ಅದನ್ನು ಮೀರಿ ಎಷ್ಟು ಸುತ್ತಿದರೂ ಹೆಚ್ಚು ಕಡಿತವಿಲ್ಲ. ನಡುಪೇಟೆಯಲ್ಲಿ ಸ್ಟೇಷನ್‌ಗಳನ್ನೂ ಅಂಗಡಿ ಬೀದಿಗಳನ್ನೂ ಜೋಡಿಸುವ ಪುಕ್ಕಟೆ ಬಸ್‌ಗಳೂ ಇವೆ, ಹತ್ತುವ ಮುಂಚೆ ಹಣೆಬೋರ್ಡ್ ನೋಡಿ.

ಪ್ರಶ್ನೆ: ನೋಡುವಂಥದ್ದು ಏನಿದೆ? ಕಾರ್ಖಾನೆಗಳ ಊರು, ಎರಡು ದಿನಕ್ಕೆ ಬೇಸರ ಬರುತ್ತದೆ ಎಂದು ನೆಂಟರೊಬ್ಬರು ಹೆದರಿಸಿದ್ದಾರೆ. (ಧಾರವಾಡ, ತುಮಕೂರು)

ಉತ್ತರ: ನಿಮ್ಮ ನೆಂಟರು ಬಹುಶಃ ಮಾಲ್ ನೋಡಿ ಬಂದಿದ್ದಾರೆ. ಈ ಊರಿನ ಒಳ್ಳೆಯ ಜಾಗಗಳಲ್ಲಿ ಹೆಚ್ಚಿನವಕ್ಕೆ ಪ್ರವೇಶ ಶುಲ್ಕವೇ ಇಲ್ಲ. ಒಂದು ಎಚ್ಚರಿಕೆ ಮಾತ್ರ: ಆರ್ಟ್ ಗ್ಯಾಲರಿ, ಮ್ಯಾಂಚೆಸ್ಟರ್ ಮ್ಯೂಸಿಯಂ, ವಿಟ್ವರ್ತ್ ಗ್ಯಾಲರಿ ಮೂರೂ ಸೋಮವಾರ ಬಾಗಿಲು ಹಾಕಿರುತ್ತವೆ. ಸೋಮವಾರವನ್ನು ಪೇಟೆಗೆ ಇಟ್ಟುಕೊಳ್ಳಿ.

ಮೊದಲು ಡೀನ್ಸ್‌ಗೇಟ್‌ನ ಜಾನ್ ರೈಲ್ಯಾಂಡ್ಸ್ ಗ್ರಂಥಾಲಯ. ಹತ್ತಿ ಬಟ್ಟೆಯ ವ್ಯಾಪಾರದಲ್ಲಿ ಕೋಟ್ಯಧಿಪತಿಯಾದ ರೈಲ್ಯಾಂಡ್ಸ್ 1888ರಲ್ಲಿ ತೀರಿಕೊಂಡ ಮೇಲೆ ಗಂಡನ ನೆನಪಿಗೆ ಹೆಂಡತಿ ಎನ್ರಿಕೆಟಾ ಕಟ್ಟಿಸಿದ್ದು, ಸಾರ್ವಜನಿಕರಿಗೆ ತೆರೆದದ್ದು 1900ರ ಜನವರಿ 1ರಂದು. ಹೊರಗಿನಿಂದ ಚರ್ಚ್ ಎಂದೇ ತಿಳಿಯುತ್ತೀರಿ. ಮೇಲಿನ ವಾಚನಾಲಯದಲ್ಲಿ ನಿಂತು ದೀಪಗಳನ್ನು ನೋಡಿ. ಗ್ಯಾಸ್ ದೀಪದ ಹೊಗೆಗೆ ಪುಸ್ತಕ ಹಾಳಾಗುತ್ತದೆಂದು ಕಟ್ಟುವಾಗಲೇ ವಿದ್ಯುತ್ ದೀಪ ಹಾಕಿಸಿದರು, ಆ ಕಾಲಕ್ಕೆ ಇಡೀ ಊರಿನಲ್ಲೇ ಅದು ಅಪರೂಪ. ಕಾರ್ಖಾನೆಯ ಮಸಿ ಒಳಗೆ ಬಾರದಂತೆ ಗಾಳಿಯನ್ನು ಸೋಸಿ ಬಿಡುವ ಏರ್ಪಾಡೂ ಇತ್ತು. ಬೈಬಲ್ಲಿನ ಹೊಸ ಒಡಂಬಡಿಕೆಯ ಅತಿ ಹಳೆಯ ತುಣುಕುಗಳಲ್ಲಿ ಒಂದೆಂದು ವಿದ್ವಾಂಸರು ಎಣಿಸುವ ಯೋಹಾನನ ಸುವಾರ್ತೆಯ ಪಪೈರಸ್ ಚೂರು ಇಲ್ಲಿಯದು, ಅಂಗೈಗಿಂತ ಚಿಕ್ಕದು.

ಅಲ್ಲಿಂದ ಹತ್ತು ಹದಿನೈದು ನಿಮಿಷ ನಡೆದರೆ ಸೈನ್ಸ್ ಅಂಡ್ ಇಂಡಸ್ಟ್ರಿ ಮ್ಯೂಸಿಯಂ. 1830ರ ಸೆಪ್ಟೆಂಬರ್ 15ರಂದು ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲು ಶುರುವಾದಾಗ ಇದ್ದ ಸ್ಟೇಷನ್ ಇದರ ಆವರಣದಲ್ಲೇ ಇದೆ. ಉಳಿದುಬಂದಿರುವ ಪ್ರಯಾಣಿಕರ ಸ್ಟೇಷನ್‌ಗಳಲ್ಲಿ ಜಗತ್ತಿಗೇ ಹಳೆಯದು. ಮೊದಲ ದರ್ಜೆ, ಎರಡನೇ ದರ್ಜೆಯವರಿಗೆ ಬೇರೆ ಬೇರೆ ಬಾಗಿಲು ಅಂದಿನಿಂದಲೇ. ಬಟ್ಟೆ ವಿಭಾಗದಲ್ಲಿ ಹಳೆಯ ಯಂತ್ರಗಳನ್ನು ನಡೆಸಿ ತೋರಿಸುವ ಹೊತ್ತು ಯಾವುದೆಂದು ಒಳಗೆ ಹೋಗುವಾಗಲೇ ಕೇಳಿಕೊಳ್ಳಿ. ಒಂದೇ ಮಗ್ಗದ ಸದ್ದಿಗೆ ಪಕ್ಕದವರ ಮಾತು ಕೇಳಿಸುವುದಿಲ್ಲ. ನೂರಾರು ಮಗ್ಗಗಳ ನಡುವೆ ದುಡಿಯುತ್ತಿದ್ದ ಹೆಂಗಸರು ತುಟಿ ನೋಡಿಯೇ ಮಾತು ಗ್ರಹಿಸುತ್ತಿದ್ದರು ಎಂಬುದು ಆಗ ನಂಬಿಕೆಗೆ ಬರುತ್ತದೆ. ಬೆಂಗಳೂರಿನ ಸಾಫ್ಟ್‌ವೇರ್ ಮಂದಿ ತಪ್ಪಿಸಬಾರದ್ದು ‘ಬೇಬಿ’ಯ ಪ್ರತಿಕೃತಿ. ತನ್ನ ನೆನಪಿನಲ್ಲೇ ಇಟ್ಟುಕೊಂಡ ಪ್ರೋಗ್ರಾಂ ಅನ್ನು ಓಡಿಸಿದ ಮೊದಲ ಎಲೆಕ್ಟ್ರಾನಿಕ್ ಕಂಪ್ಯೂಟರ್ ಅದು, 1948ರ ಜೂನ್ 21ರಂದು ಇದೇ ಊರಿನಲ್ಲಿ.

ಸೇಂಟ್ ಆನ್ಸ್ ಸ್ಕ್ವೇರ್ ಪಕ್ಕದ ರಾಯಲ್ ಎಕ್ಸ್‌ಚೇಂಜ್‌ಗೆ ನಾಟಕ ನೋಡದಿದ್ದರೂ ಒಮ್ಮೆ ತಲೆ ಹಾಕಿ. ಇದು ಹತ್ತಿ ವ್ಯಾಪಾರಿಗಳ ಚೌಕಾಸಿ ನಡೆಯುತ್ತಿದ್ದ ಭಾರಿ ಹಜಾರ. 1968ರಲ್ಲಿ ವ್ಯಾಪಾರ ನಿಂತ ದಿನದ ದರಗಳು ಎತ್ತರದ ಹಲಗೆಯ ಮೇಲೆ ಹಾಗೆಯೇ ಇವೆ. 1976ರಲ್ಲಿ ಇದರ ಮಧ್ಯೆ ಗಾಜು ಮತ್ತು ಉಕ್ಕಿನ ದುಂಡನೆಯ ರಂಗಮಂದಿರ ಬಂತು. ನೆಲ ಅಷ್ಟು ಭಾರ ತಡೆಯದೆಂದು ಅದನ್ನು ಹಜಾರದ ದಪ್ಪ ಕಂಬಗಳಿಗೆ ತೂಗುಹಾಕಿದ್ದಾರೆ. ಪ್ರೇಕ್ಷಕರು ಸುತ್ತಲೂ ಕೂರುವುದರಿಂದ ಅಗ್ಗದ ಸೀಟೂ ನಟರಿಗೆ ಹತ್ತಿರವೇ. ಒಂದು ಸಂಜೆ ಖರ್ಚು ಮಾಡುವುದಾದರೆ ಇಲ್ಲಿ ಮಾಡಿ, ಇಲ್ಲವೇ ಬ್ರಿಜ್‌ವಾಟರ್ ಹಾಲ್‌ನಲ್ಲಿ ಹಾಲೆ ವಾದ್ಯವೃಂದ ಕೇಳಿ. 1858ರಲ್ಲಿ ಹುಟ್ಟಿದ ತಂಡ ಅದು. 1996ರ ಆ ಕಟ್ಟಡವನ್ನು ಸ್ಪ್ರಿಂಗ್‌ಗಳ ಮೇಲೆ ಕೂರಿಸಿದ್ದಾರೆ, ಪಕ್ಕದಲ್ಲೇ ಟ್ರಾಮ್ ಹೋದರೂ ಒಳಗೆ ಅದುರುವುದಿಲ್ಲ.

ಇನ್ನೊಂದು ದಿನ ಆಕ್ಸ್‌ಫರ್ಡ್ ರೋಡ್‌ಗೆ. ಬಸ್ಸಿನಲ್ಲಿ ಮೊದಲು ಮ್ಯಾಂಚೆಸ್ಟರ್ ಮ್ಯೂಸಿಯಂ, ಆಮೇಲೆ ವಿಟ್ವರ್ತ್, ಅದೇ ರಸ್ತೆಯಲ್ಲಿ ಮುಂದೆ ಹೋದರೆ ರಶೋಮ್‌ನ ಊಟದ ಬೀದಿ. ಮ್ಯಾಂಚೆಸ್ಟರ್ ಮ್ಯೂಸಿಯಂನಲ್ಲಿ 2023ರ ಫೆಬ್ರವರಿಯಲ್ಲಿ ದಕ್ಷಿಣ ಏಷ್ಯಾ ಗ್ಯಾಲರಿ ತೆರೆದಿದೆ. ಬ್ರಿಟಿಷ್ ಮ್ಯೂಸಿಯಂ ಜೊತೆಗೂಡಿ ಮಾಡಿದ್ದು, ಆದರೆ ಯಾವ ವಸ್ತು ಇಡಬೇಕು, ಪಕ್ಕದಲ್ಲಿ ಏನು ಬರೆಯಬೇಕು ಎಂಬುದನ್ನು ಅಲ್ಲಿಯ ದಕ್ಷಿಣ ಏಷ್ಯಾ ಮೂಲದ ಸಮುದಾಯದವರೇ ಸೇರಿ ತೀರ್ಮಾನಿಸಿದ್ದಾರೆ. ಅದಕ್ಕೇ ಅಲ್ಲಿ ರಾಜರ ಕತ್ತಿಗಿಂತ ಮನೆಮಂದಿಯ ವಸ್ತುಗಳಿಗೆ ಮರ್ಯಾದೆ ಹೆಚ್ಚು.

ಚೀತಮ್ಸ್ ಗ್ರಂಥಾಲಯ ವಿಕ್ಟೋರಿಯಾ ಸ್ಟೇಷನ್ ಬಳಿ, 1653ರದು. 1845ರ ಬೇಸಿಗೆಯಲ್ಲಿ ಮಾರ್ಕ್ಸ್ ಮತ್ತು ಎಂಗೆಲ್ಸ್ ಕೂತು ಓದಿದ ಕಿಟಕಿ ಪಕ್ಕದ ಮೇಜು ಈಗಲೂ ಇದೆ. ಮಾರ್ಗದರ್ಶಕರ ಜೊತೆಗೇ ಹೋಗಬೇಕು, ಟಿಕೆಟ್ ಮೊದಲೇ ಕಾಯ್ದಿರಿಸಿ. ಟೌನ್ ಹಾಲ್ 1877ರ ಭವ್ಯ ಕಟ್ಟಡವೇನೋ ಹೌದು, ದುರಸ್ತಿಗೆಂದು 2018ರಲ್ಲಿ ಮುಚ್ಚಿದ್ದು. ಬಾಗಿಲು ತೆರೆದಿದೆಯೇ ವಿಚಾರಿಸದೆ ಅದಕ್ಕೆಂದು ದಿನ ಮೀಸಲಿಡಬೇಡಿ.

ಪ್ರಶ್ನೆ: ನಮ್ಮ ಕಡೆಯ ಹತ್ತಿಗೂ ಮ್ಯಾಂಚೆಸ್ಟರ್‌ಗೂ ನಂಟಿತ್ತು ಎಂದು ಹಿರಿಯರು ಹೇಳುತ್ತಿದ್ದರು. ಅದರ ಗುರುತು ಅಲ್ಲಿ ಏನಾದರೂ ಕಾಣುತ್ತದೆಯೇ? (ಹುಬ್ಬಳ್ಳಿ)

ಉತ್ತರ: ನಂಟು ಗಟ್ಟಿಯಾದದ್ದೇ. ಮ್ಯಾಂಚೆಸ್ಟರ್ ಸುತ್ತಲಿನ ಲ್ಯಾಂಕಶೈರ್ ಸೀಮೆಯ ಗಿರಣಿಗಳಿಗೆ ಬೇಕಿದ್ದದ್ದು ಉದ್ದ ಎಳೆಯ ಅಮೆರಿಕನ್ ಹತ್ತಿ. ಅದು ಒಂದೇ ದೇಶದಿಂದ ಬರುವುದು ಅಪಾಯವೆಂದು ಧಾರವಾಡ ಸೀಮೆಯಲ್ಲಿ 1840ರ ದಶಕದಿಂದಲೇ ನ್ಯೂ ಆರ್ಲಿಯನ್ಸ್ ಬೀಜ ಹಾಕಿಸಿದರು. ಭಾರತದ ಬೇರೆ ಕಡೆ ಕೈಕೊಟ್ಟ ಆ ಬೀಜ ಇಲ್ಲಿ ಹಿಡಿಯಿತು, ‘ಧಾರವಾಡ-ಅಮೆರಿಕನ್’ ಎಂದು ಪೇಟೆಯಲ್ಲಿ ಹೆಸರಾಯಿತು. ಅಮೆರಿಕದ ಅಂತರ್ಯುದ್ಧ 1861ರಲ್ಲಿ ಶುರುವಾಗಿ ಹತ್ತಿ ನಿಂತಾಗ ಲ್ಯಾಂಕಶೈರ್‌ನಲ್ಲಿ ಗಿರಣಿಗಳು ಮುಚ್ಚಿ ಕೂಲಿಕಾರರು ಹಸಿದರು, ಇಲ್ಲಿ ಹತ್ತಿಯ ಬೆಲೆ ಮುಗಿಲಿಗೇರಿತು. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಕಾರವಾರದ ಸದಾಶಿವಗಡದಲ್ಲಿ ನೆಲೆಯೂರಿ, ಧಾರವಾಡದ ಹತ್ತಿಯನ್ನು ಘಟ್ಟ ಇಳಿಸಿ ಹಡಗಿಗೆ ತುಂಬುವ ಯೋಜನೆ ಹಾಕಿದ್ದು ಆಗಲೇ. ರಸ್ತೆ ಹೊತ್ತಿಗೆ ಸರಿಯಾಗಿ ಆಗದೆ ಅವರ ಲೆಕ್ಕ ತಪ್ಪಿತು.

ಅಲ್ಲಿ ನೋಡಲು ಮೂರು ಜಾಗ. ಲಿಂಕನ್ ಸ್ಕ್ವೇರ್‌ನಲ್ಲಿ ಅಬ್ರಹಾಂ ಲಿಂಕನ್ನರ ಪ್ರತಿಮೆಯಿದೆ. ಗುಲಾಮರು ಬೆಳೆದ ಹತ್ತಿ ಬಾರದೆ ಹೊಟ್ಟೆಗಿಲ್ಲದಿದ್ದರೂ ತಮ್ಮ ಪರ ನಿಂತ ಮ್ಯಾಂಚೆಸ್ಟರ್ ಕಾರ್ಮಿಕರಿಗೆ ಲಿಂಕನ್ 1863ರ ಜನವರಿಯಲ್ಲಿ ಬರೆದ ಪತ್ರದ ಸಾಲುಗಳು ಪೀಠದ ಮೇಲಿವೆ. ಕೆಥೆಡ್ರಲ್ ಹೊರಗೆ ಗಾಂಧೀಜಿಯ ಕಂಚಿನ ಪ್ರತಿಮೆ, ಶಿಲ್ಪಿ ರಾಮ್ ಸುತಾರ್, 2019ರಲ್ಲಿ ನಿಲ್ಲಿಸಿದ್ದು. ವಿದೇಶಿ ಬಟ್ಟೆ ಬಹಿಷ್ಕಾರದಿಂದ ಕೆಲಸ ಕಳೆದುಕೊಂಡ ಲ್ಯಾಂಕಶೈರ್ ನೇಕಾರರನ್ನು ಗಾಂಧೀಜಿ 1931ರ ಸೆಪ್ಟೆಂಬರ್‌ನಲ್ಲಿ ಖುದ್ದಾಗಿ ಕಂಡಿದ್ದರು. ಮೂರನೆಯದು ವಿಮಾನ ನಿಲ್ದಾಣದ ಬಳಿಯ ಸ್ಟೈಲ್ ಎಂಬ ಹಳ್ಳಿಯ ಕ್ವಾರಿ ಬ್ಯಾಂಕ್ ಗಿರಣಿ, 1784ರದು. ನೀರಿನ ಚಕ್ರ, ಮಗ್ಗ, ಗಿರಣಿಯಲ್ಲಿ ದುಡಿಯುತ್ತಿದ್ದ ಅನಾಥ ಮಕ್ಕಳನ್ನು ಇಟ್ಟುಕೊಂಡಿದ್ದ ಮನೆ ಎಲ್ಲವೂ ಉಳಿದಿವೆ. ಟಿಕೆಟ್ ಇದೆ, ಅರ್ಧ ದಿನ ಬೇಕು. ನೂಲು ತೆಗೆಯಲು ಈ ಮಳೆಯ ಸೀಮೆಯೇ ಏಕೆ ಬೇಕಾಯಿತು ಎಂದು ಕೇಳಿದರೆ ಉತ್ತರ ಗಾಳಿಯಲ್ಲಿದೆ. ಒಣ ಹವೆಯಲ್ಲಿ ಎಳೆ ಪಟಪಟನೆ ತುಂಡಾಗುತ್ತದೆ, ತೇವದಲ್ಲಿ ತಾಳುತ್ತದೆ.

ಪ್ರಶ್ನೆ: ಶಾಪಿಂಗ್ ಮಾಡಿದರೆ ವಿಮಾನ ನಿಲ್ದಾಣದಲ್ಲಿ ತೆರಿಗೆ ವಾಪಸ್ ಸಿಗುತ್ತದೆಯಲ್ಲವೇ? ಯಾವ ಅಂಗಡಿ ಒಳ್ಳೆಯದು? (ಬೆಂಗಳೂರು, ಬೆಳಗಾವಿ)

ಉತ್ತರ: ಸಿಗುವುದಿಲ್ಲ. ಹಳೆಯ ಪ್ರವಾಸ ಪುಸ್ತಕಗಳನ್ನು ನಂಬಿ ಮೋಸ ಹೋಗಬೇಡಿ. 2021ರ ಜನವರಿ 1ರಿಂದ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಪ್ರವಾಸಿಗರು ಕೈಯಲ್ಲಿ ಒಯ್ಯುವ ಸರಕಿಗೆ ವ್ಯಾಟ್ ವಾಪಸಾತಿ ನಿಂತುಹೋಗಿದೆ. ಅಂಗಡಿಯವರೇ ನೇರವಾಗಿ ವಿದೇಶದ ವಿಳಾಸಕ್ಕೆ ಕಳಿಸಿದರೆ ತೆರಿಗೆ ಬಿಡಬಹುದು, ಆದರೆ ಸಾಗಣೆ ಖರ್ಚು, ನಮ್ಮ ಕಡೆಯ ಸುಂಕ ಸೇರಿದರೆ ಲಾಭ ಉಳಿಯುವುದು ಅಪರೂಪ.

ಹಾಗಾಗಿ ಚೀಟಿಯ ಮೇಲಿನ ಬೆಲೆಯಲ್ಲಿ ಶೇ 20 ತೆರಿಗೆ ಕೂತಿದೆ ಎಂದೇ ಲೆಕ್ಕ ಹಾಕಿ. ತೆರಿಗೆಯೇ ಇಲ್ಲದ ಸರಕುಗಳೂ ಇವೆ: ಪುಸ್ತಕ, ಮಕ್ಕಳ ಬಟ್ಟೆ, ಮಕ್ಕಳ ಬೂಟು. ಕೊಳ್ಳುವುದಾದರೆ ಮೊದಲು ಇವು. ದೊಡ್ಡವರ ಉಡುಪಿಗೆ ಒಳಗಿನ ಪಟ್ಟಿ ತಿರುಗಿಸಿ ನೋಡಿ, ಭಾರತದಲ್ಲೋ ಬಾಂಗ್ಲಾದೇಶದಲ್ಲೋ ಹೊಲಿದದ್ದನ್ನು ಹೊತ್ತು ತರುವ ಸಂಭವ ಬಹಳ. ಮಳೆ ಜಾಕೆಟ್, ಉಣ್ಣೆಯ ಕೋಟು ಬೇಕಿದ್ದರೆ ಸರಿ.

ಮಾರ್ಕೆಟ್ ಸ್ಟ್ರೀಟ್ ಮತ್ತು ಅದಕ್ಕೆ ಅಂಟಿಕೊಂಡ ಆರ್ನ್‌ಡೇಲ್ ಸಾಮಾನ್ಯರ ಪೇಟೆ. ಎಕ್ಸ್‌ಚೇಂಜ್ ಸ್ಕ್ವೇರ್‌ನಲ್ಲಿ ಸೆಲ್ಫ್ರಿಜಸ್, ಹಾರ್ವಿ ನಿಕೋಲ್ಸ್. ಈ ಭಾಗ ಹೊಸದಾಗಿ ಕಾಣುವುದು 1996ರ ಜೂನ್ 15ರಂದು ಐರಿಷ್ ಸಶಸ್ತ್ರ ಸಂಘಟನೆ ಐಆರ್‌ಎ ಇಟ್ಟ ಬಾಂಬ್‌ನಿಂದಾಗಿ. ಇನ್ನೂರಕ್ಕೂ ಹೆಚ್ಚು ಜನ ಗಾಯಗೊಂಡರು, ಯಾರೂ ಸಾಯಲಿಲ್ಲ. ಸ್ಫೋಟವನ್ನು ತಾಳಿಕೊಂಡ ಕೆಂಪು ಅಂಚೆಪೆಟ್ಟಿಗೆ ಕಾರ್ಪೊರೇಷನ್ ಸ್ಟ್ರೀಟ್‌ನಲ್ಲಿ ಈಗಲೂ ಇದೆ, ಮೇಲೆ ಒಂದು ಫಲಕ. ಟ್ರಾಫರ್ಡ್ ಸೆಂಟರ್‌ಗೆ ಟ್ರಾಮ್ ಹೋಗುತ್ತದೆ. ಅದು ದೊಡ್ಡ ಮಾಲ್, ಅಷ್ಟೇ. ಬೆಂಗಳೂರಿನವರಿಗೆ ಹೊಸದೇನೂ ಇಲ್ಲ. ಅದರ ಬದಲು ನಾರ್ದರ್ನ್ ಕ್ವಾರ್ಟರ್‌ಗೆ ಹೋಗಿ. ಅಫ್ಲೆಕ್ಸ್‌ನಲ್ಲಿ ಹಲವು ಮಹಡಿ ತುಂಬ ಹಳೆಯ ಉಡುಪು, ರೆಕಾರ್ಡು, ಬ್ಯಾಡ್ಜುಗಳ ಪುಟ್ಟ ಮಳಿಗೆಗಳು. ಓಕ್ ಸ್ಟ್ರೀಟ್‌ನ ಕ್ರಾಫ್ಟ್ ಅಂಡ್ ಡಿಸೈನ್ ಸೆಂಟರ್ ಹಳೆಯ ಮೀನು ಮಾರುಕಟ್ಟೆಯ ಕಟ್ಟಡ, ಅಲ್ಲಿ ಆಭರಣ, ಪಿಂಗಾಣಿ ಮಾಡುವವರ ಕೈಯಿಂದಲೇ ಕೊಳ್ಳಬಹುದು. ಎಲ್ಲೆಲ್ಲೂ ಕಾಣುವ ಜೇನುಹುಳದ ಚಿತ್ರ ಊರಿನ ಲಾಂಛನ, ನೆಂಟರಿಗೆ ಕೊಡಲು ಅದಿರುವ ಸಣ್ಣ ವಸ್ತು ಸಾಕು.

ಭಾನುವಾರ ದೊಡ್ಡ ಅಂಗಡಿಗಳು ಕಾನೂನು ಪ್ರಕಾರ ಆರು ಗಂಟೆ ಮಾತ್ರ ವ್ಯಾಪಾರ ಮಾಡಬಹುದು. ಸಾಮಾನ್ಯವಾಗಿ 11ರಿಂದ 5 ಅಥವಾ 12ರಿಂದ 6. ಸಂಜೆ ವಿಮಾನ ಹಿಡಿಯುವ ಮೊದಲು ಬೆಳಿಗ್ಗೆ ಕೊಂಡುಬಿಡೋಣ ಎಂದುಕೊಂಡವರು ಮುಚ್ಚಿದ ಬಾಗಿಲ ಮುಂದೆ ನಿಲ್ಲುತ್ತಾರೆ. ಕೈಚೀಲ ಒಯ್ಯಿರಿ, ಪ್ಲಾಸ್ಟಿಕ್ ಚೀಲಕ್ಕೆ ಕನಿಷ್ಠ 10 ಪೆನ್ಸ್. ರಸೀದಿ ಎಸೆಯಬೇಡಿ. ಸರಕು ಕೆಟ್ಟಿದ್ದರೆ 30 ದಿನದೊಳಗೆ ಹಣ ವಾಪಸ್ ಕೇಳುವ ಹಕ್ಕು ನಿಮಗಿದೆ. ಬಣ್ಣ ಹಿಡಿಸಲಿಲ್ಲ ಎಂಬ ಕಾರಣಕ್ಕೆ ವಾಪಸ್ ತೆಗೆದುಕೊಳ್ಳುವುದು ಅಂಗಡಿಯವರ ಮರ್ಜಿ.

ಕಾರ್ಡ್ ಉಜ್ಜುವಾಗ ಯಂತ್ರ ‘ಪೌಂಡೋ ರೂಪಾಯಿಯೋ’ ಎಂದು ಕೇಳಿದರೆ ಪೌಂಡ್ ಒತ್ತಿ. ರೂಪಾಯಿ ಒತ್ತಿದರೆ ವಿನಿಮಯ ದರ ಆ ಯಂತ್ರದವರದು, ನಿಮ್ಮ ಬ್ಯಾಂಕಿನದಕ್ಕಿಂತ ಸಾಮಾನ್ಯವಾಗಿ ಕೆಟ್ಟದ್ದು.

ಪ್ರಶ್ನೆ: ನಾವು ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿಗಳು. ಬ್ರೆಡ್ಡು ಹಣ್ಣಿನಲ್ಲೇ ದಿನ ದೂಡಬೇಕೇ? (ಶಿವಮೊಗ್ಗ, ಉಡುಪಿ, ದಾವಣಗೆರೆ)

ಉತ್ತರ: ಬೇಡವೇ ಬೇಡ. ಬ್ರಿಟನ್ನಿನ ಸಸ್ಯಾಹಾರ ಚಳವಳಿಯ ಬೇರು ಈ ಸೀಮೆಯಲ್ಲೇ ಇದೆ. ಪಕ್ಕದ ಸ್ಯಾಲ್‌ಫರ್ಡ್‌ನಲ್ಲಿ 1809ರಲ್ಲೇ ಒಂದು ಕ್ರೈಸ್ತ ಪಂಗಡ ಮಾಂಸ ಬಿಡುವ ವ್ರತ ಹಿಡಿದಿತ್ತು. ಆದರೆ ಅಲ್ಲಿ ‘ವೆಜಿಟೇರಿಯನ್’ ಎಂದರೆ ಮೊಟ್ಟೆ ಸೇರಿಯೇ. ಮೊಟ್ಟೆ ಬೇಡದವರು ‘ವೀಗನ್’ ಎಂದು ಕೇಳುವುದು ಸುಲಭದ ದಾರಿ. ಹಾಲು, ಬೆಣ್ಣೆ ತಪ್ಪಿಹೋದರೂ ಮೊಟ್ಟೆಯ ಚಿಂತೆ ಇರುವುದಿಲ್ಲ. ಪೊಟ್ಟಣಗಳ ಮೇಲೆ ಮೊಟ್ಟೆ, ಹಾಲು, ಮೀನು ಮುಂತಾದ 14 ಅಲರ್ಜಿ ಪದಾರ್ಥಗಳನ್ನು ಎದ್ದು ಕಾಣುವಂತೆ, ಸಾಮಾನ್ಯವಾಗಿ ದಪ್ಪ ಅಕ್ಷರದಲ್ಲಿ, ಅಚ್ಚು ಹಾಕಲೇಬೇಕು, ಓದಲು ಎರಡು ಸೆಕೆಂಡು ಸಾಕು. ಈರುಳ್ಳಿ, ಬೆಳ್ಳುಳ್ಳಿ ಆ 14ರಲ್ಲಿ ಇಲ್ಲ. ಅವನ್ನು ಬಿಟ್ಟವರು ಬಾಯಿಬಿಟ್ಟು ಕೇಳಲೇಬೇಕು, ಸಿದ್ಧ ಅಡುಗೆಯಲ್ಲಿ ಅವಿಲ್ಲದ್ದು ಸಿಗುವುದು ಕಷ್ಟ. ಅಂಥವರು ಅಡುಗೆ ಒಲೆ ಇರುವ ಅಪಾರ್ಟ್‌ಹೋಟೆಲ್ ಹಿಡಿಯಲಿ.

ಕಣ್ಣು ತಪ್ಪಿಸಿ ಬರುವವು ಇವು. ಉತ್ತರದ ಕೆಲವು ಚಿಪ್ಸ್ ಅಂಗಡಿಗಳು ಆಲೂಗಡ್ಡೆಯನ್ನೂ ದನದ ಕೊಬ್ಬಿನಲ್ಲೇ ಕರಿಯುತ್ತವೆ, ಯಾವುದರಲ್ಲಿ ಕರಿಯುತ್ತೀರಿ ಎಂದು ಮೊದಲೇ ಕೇಳಿ. ಎಣ್ಣೆ ಸಸ್ಯದ್ದೇ ಆದರೂ ಮೀನು ಬೆಂದ ಬಾಣಲೆಯೇ ಆಗಿರಬಹುದು. ಪಾರ್ಮೆಸಾನ್ ಚೀಸ್‌ಗೆ ಹಾಲು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ, ಹಾಗಾಗಿ ಪಾಸ್ತಾ ಮೇಲೆ ಉದುರಿಸುವ ಮೊದಲು ತಡೆಯಿರಿ. ವುಸ್ಟರ್ ಸಾಸ್‌ನಲ್ಲಿ ಸಾಮಾನ್ಯವಾಗಿ ಮೀನು ಇರುತ್ತದೆ. ಮಾರ್ಷ್‌ಮೆಲೋ, ಜೆಲ್ಲಿ ಮಿಠಾಯಿ, ಕೆಲವು ಮೊಸರು, ಮೂಸ್‌ಗಳಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಾಟಿನ್. ಎಕಲ್ಸ್ ಕೇಕ್ ಎಂಬ ಒಣದ್ರಾಕ್ಷಿಯ ಪದರದ ತಿಂಡಿ ಈ ಕಡೆಯ ವಿಶೇಷ, ಹಿಟ್ಟಿಗೆ ಬೆಣ್ಣೆ ಹಾಕಿದ್ದಾರೋ ಹಂದಿಕೊಬ್ಬೋ ಕೇಳಿಯೇ ಬಾಯಿಗಿಡಿ. ಮ್ಯಾಂಚೆಸ್ಟರ್ ಟಾರ್ಟ್‌ನಲ್ಲಿ ಜಾಮ್, ಕಸ್ಟರ್ಡ್, ಮೇಲೆ ಕೊಬ್ಬರಿ ತುರಿ. ಕಸ್ಟರ್ಡಿಗೆ ಮೊಟ್ಟೆ ಬೀಳುವುದುಂಟು.

ಹೊಟ್ಟೆ ತುಂಬ ತಿನ್ನಲು ಪಿಕಡಿಲಿಯ ಬಂಡೋಬಸ್ಟ್ ಹೋಟೆಲ್ ಪೂರ್ತಿ ಸಸ್ಯಾಹಾರಿ, ಗುಜರಾತಿ ಕೈರುಚಿ. ವಡಾಪಾವ್, ಭೇಲ್, ಕರಿದ ಬೆಂಡೆಕಾಯಿ. ತಟ್ಟೆಗಳು ಚಿಕ್ಕವು, ಇಬ್ಬರಿಗೆ ಐದಾರು ಹೇಳಿದರೆ ಸರಿಹೋಗುತ್ತದೆ. ಊರಿನದೇ ಒಂದು ಪದ್ಧತಿ ನೋಡಬೇಕೆಂದರೆ ‘ರೈಸ್ ಅಂಡ್ ಥ್ರೀ’. ಅನ್ನದ ಮೇಲೆ ಮೂರು ಬಗೆಯ ಪಲ್ಯ ಸಾರು ಸುರಿದು ಕೊಡುತ್ತಾರೆ. ನಾರ್ದರ್ನ್ ಕ್ವಾರ್ಟರ್‌ನ ಬಟ್ಟೆ ಗೋದಾಮುಗಳಲ್ಲಿ ದುಡಿಯುತ್ತಿದ್ದ ನಮ್ಮ ಉಪಖಂಡದವರ ಮಧ್ಯಾಹ್ನದ ಊಟವಾಗಿ ಬೆಳೆದದ್ದು. ಸೋಪ್ ಸ್ಟ್ರೀಟ್ ಎಂಬ ಸಂದಿಯಲ್ಲಿರುವ ದಿಸ್ ಅಂಡ್ ದಟ್ ಇದಕ್ಕೆ ಹೆಸರುವಾಸಿ. ಮೂರೂ ತರಕಾರಿ, ಬೇಳೆಯವನ್ನೇ ಆರಿಸಿಕೊಳ್ಳಬಹುದು. ಮಾಂಸದ ಪಾತ್ರೆ ಪಕ್ಕದಲ್ಲೇ ಇರುತ್ತದೆ, ಮಡಿಯವರಿಗೆ ಹೇಳಿಸಿದ್ದಲ್ಲ.

ಊಟಕ್ಕೆ ನಲ್ಲಿನೀರು ಕೇಳಿ. ಮದ್ಯ ಮಾರುವ ಪರವಾನಗಿ ಇರುವ ಕಡೆ ಕುಡಿಯುವ ನಲ್ಲಿನೀರನ್ನು ಪುಕ್ಕಟೆ ಕೊಡಬೇಕೆಂಬ ನಿಯಮವಿದೆ. ‘ನೀರು’ ಎಂದಷ್ಟೇ ಕೇಳಿದರೆ ಬಾಟಲಿ ಬರುತ್ತದೆ, ಬಿಲ್ಲೂ ಬರುತ್ತದೆ. ಈ ಊರಿಗೆ ನೀರು ಬರುವುದು ಲೇಕ್ ಡಿಸ್ಟ್ರಿಕ್ಟ್‌ನ ಥರ್ಲ್‌ಮಿಯರ್‌ನಂಥ ಕೆರೆಗಳಿಂದ, ಲಂಡನ್ನಿನದರಂತೆ ಗಡಸಲ್ಲ. ಕಾಫಿಪುಡಿ ಒಯ್ದವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಬಿಲ್ಲಿನಲ್ಲಿ ಶೇ 10ರಿಂದ 12.5 ಸರ್ವಿಸ್ ಚಾರ್ಜ್ ಸೇರಿಸಿದ್ದರೆ ಮೇಲೆ ಟಿಪ್ಸ್ ಬೇಕಿಲ್ಲ. ‘ಐಚ್ಛಿಕ’ ಎಂದು ಬರೆದಿದ್ದರೆ ತೆಗೆಯಿರಿ ಎನ್ನಲೂಬಹುದು, ಯಾರೂ ಮುಖ ಸಿಂಡರಿಸುವುದಿಲ್ಲ. ರಾತ್ರಿ ಒಂಬತ್ತಕ್ಕೇ ಅಡುಗೆಮನೆ ಮುಚ್ಚುವ ಹೋಟೆಲ್‌ಗಳಿವೆ, ನಾಟಕ ಇದ್ದ ದಿನ ಮೊದಲೇ ಉಂಡು ಹೋಗಿ.

ಪ್ರಶ್ನೆ: ಮಾಂಸಾಹಾರಿಗಳಿಗೆ? ಕರಿ ಮೈಲ್ ಇನ್ನೂ ಹಿಂದಿನಂತೆಯೇ ಇದೆಯೇ? (ಕಲಬುರಗಿ)

ಉತ್ತರ: ಹೆಸರು ಹಾಗೇ ಇದೆ, ಅಡುಗೆ ಬದಲಾಗಿದೆ. ರಶೋಮ್‌ನ ವಿಲ್ಮ್‌ಸ್ಲೋ ರೋಡ್‌ನಲ್ಲಿ ಮೊದಲು ಪಾಕಿಸ್ತಾನಿ, ಬಾಂಗ್ಲಾ ಹೋಟೆಲ್‌ಗಳದೇ ಸಾಲು. ಈಗ ಅರಬ್ಬಿ, ಟರ್ಕಿ, ಅಫ್ಘನ್ ಸುಟ್ಟ ಮಾಂಸದ ಅಂಗಡಿಗಳು ಹೆಚ್ಚು. ಹೈದರಾಬಾದಿ ಬಿರಿಯಾನಿ ಹುಡುಕಿ ಹೋಗಬೇಡಿ, ಕಬಾಬು ಮತ್ತು ತಂದೂರಿನ ಬಿಸಿ ನಾನ್‌ಗೆ ಹೋಗಿ. ಬಾಗಿಲಲ್ಲಿ ನಿಂತು ಕರೆಯುವವರ ಕಡೆಗಿಂತ ಒಳಗೆ ಕುಟುಂಬಗಳು ಕೂತಿರುವ ಕಡೆ ನುಗ್ಗಿ. ಬಹುತೇಕ ಕಡೆ ಹಲಾಲ್, ಮದ್ಯ ಇರುವುದಿಲ್ಲ. ನಡುಪೇಟೆಯಲ್ಲಿ ಚೈನಾಟೌನ್ ಇದೆ, 1987ರ ಕಮಾನಿನ ಸುತ್ತಮುತ್ತ. ಹಲವು ಬಗೆ ಒಂದೇ ಸೂರಿನಡಿ ಬೇಕಾದರೆ 1858ರ ಮಾಂಸದ ಮಾರುಕಟ್ಟೆ ಕಟ್ಟಡದಲ್ಲಿರುವ ಮ್ಯಾಕಿ ಮೇಯರ್. ಶನಿವಾರ ಮಧ್ಯಾಹ್ನ ಅಲ್ಲಿ ಕೂರಲು ಜಾಗವಿರುವುದಿಲ್ಲ.

ಪ್ರಶ್ನೆ: ಓಲ್ಡ್ ಟ್ರಾಫರ್ಡ್‌ಗೆ ಹೋಗಬೇಕು, ಟ್ರಾಮ್ ಎಲ್ಲಿ ಇಳಿಯಬೇಕು? (ಮಂಡ್ಯ)

ಉತ್ತರ: ಯಾವ ಓಲ್ಡ್ ಟ್ರಾಫರ್ಡ್ ಎಂದು ಮೊದಲು ನಿರ್ಧರಿಸಿ. ಆ ಹೆಸರಿನವು ಎರಡಿವೆ, ನಡುವೆ ಒಂದು ಕಿಲೋಮೀಟರಿನಷ್ಟು ಅಂತರ. ಕ್ರಿಕೆಟ್ ಮೈದಾನಕ್ಕೆ ಓಲ್ಡ್ ಟ್ರಾಫರ್ಡ್ ಟ್ರಾಮ್ ನಿಲ್ದಾಣ ತೀರಾ ಪಕ್ಕ. ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ಮೈದಾನಕ್ಕೂ ಅಲ್ಲಿಂದ ನಡೆಯಬಹುದು. ಪಂದ್ಯದ ದಿನ ಫುಟ್‌ಬಾಲ್ ಮೈದಾನದ ಒಳಸುತ್ತು ತೋರಿಸುವುದಿಲ್ಲ, ದಿನಾಂಕ ನೋಡಿ ಟಿಕೆಟ್ ಕೊಳ್ಳಿ. ಅನಿಲ್ ಕುಂಬ್ಳೆ ಮೊದಲ ಟೆಸ್ಟ್ ಆಡಿದ್ದು ಈ ಕ್ರಿಕೆಟ್ ಮೈದಾನದಲ್ಲೇ, 1990ರ ಆಗಸ್ಟ್‌ನಲ್ಲಿ. ಅದೇ ಪಂದ್ಯದಲ್ಲಿ ಸಚಿನ್ ತೆಂಡೂಲ್ಕರ್ ಔಟಾಗದೆ 119 ಹೊಡೆದು ಮೊದಲ ಟೆಸ್ಟ್ ಶತಕ ಮಾಡಿದರು.

ಪ್ರಶ್ನೆ: ಯಾವ ತಿಂಗಳು ಒಳ್ಳೆಯದು, ಬಟ್ಟೆ ಏನು ಒಯ್ಯಬೇಕು? (ಕೊಡಗು)

ಉತ್ತರ: ಮೇಯಿಂದ ಸೆಪ್ಟೆಂಬರ್. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆವರೆಗೂ ಬೆಳಕು. ಡಿಸೆಂಬರ್‌ನಲ್ಲಿ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ, ಆದರೆ ಕ್ರಿಸ್‌ಮಸ್ ಸಂತೆ ಇರುವುದು ಆಗಲೇ. ಕೊಡಗಿನ ಮಳೆ ಕಂಡವರಿಗೆ ಅಲ್ಲಿಯದು ಮಳೆಯೇ ಅನ್ನಿಸದು, ಸೋನೆ. ಆದರೆ ವರ್ಷವಿಡೀ ಯಾವ ಹೊತ್ತಿಗಾದರೂ ಬರುತ್ತದೆ, ಗಾಳಿ ಜೊತೆಗೇ ಬರುತ್ತದೆ. ಮಡಚುವ ಕೊಡೆಯ ಕಡ್ಡಿ ಮುರಿಯುತ್ತದೆ. ತಲೆಮುಸುಕಿರುವ ಜಾಕೆಟ್, ನೀರು ಇಳಿಯದ ಬೂಟು, ತೆಳು ಸ್ವೆಟರ್ ಎರಡು ಸಾಕು. ನಮ್ಮ ಚಾರ್ಜರ್ ಅಲ್ಲಿಯ ಚೌಕಕಾಲಿನ ಮೂರು ತೂತಿನ ಸಾಕೆಟ್‌ಗೆ ಹೋಗದು, ಅಡಾಪ್ಟರ್ ಇಲ್ಲಿಂದಲೇ ಕೊಳ್ಳಿ. ವೋಲ್ಟೇಜ್ ಒಂದೇ.

ಪ್ರಶ್ನೆ: ಅಲ್ಲಿ ಓದುತ್ತಿರುವ ಮಗನಿಗೆ ತುಪ್ಪ, ಪೇಡ, ಕರಿಬೇವು, ಚಟ್ನಿಪುಡಿ ಒಯ್ಯಬಹುದೇ? (ಹಾಸನ)

ಉತ್ತರ: ಚಟ್ನಿಪುಡಿ, ಸಾರಿನ ಪುಡಿ, ಹಪ್ಪಳ, ಉಪ್ಪಿನಕಾಯಿ ತೊಂದರೆಯಿಲ್ಲ. ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಇಡಬೇಡಿ, ದ್ರವವೆಂದು ಬೆಂಗಳೂರಿನಲ್ಲೇ ತೆಗೆಸುತ್ತಾರೆ. ಪೆಟ್ಟಿಗೆಯಲ್ಲಿ ಇಡುವುದಾದರೆ ಎಣ್ಣೆ ಸೋರದಂತೆ ಮುಚ್ಚಳಕ್ಕೆ ಟೇಪ್ ಸುತ್ತಿ, ಎರಡು ಕವರ್ ಹಾಕಿ. ಭಾರತದಿಂದ ಹಾಲಿನ ಪದಾರ್ಥ, ಮಾಂಸ ತರಲು ಬ್ರಿಟನ್ನಿನಲ್ಲಿ ಅನುಮತಿ ಇಲ್ಲ. ತುಪ್ಪ, ಪೇಡ, ಪನೀರ್ ಬೇಡ. ಹಸಿ ಕರಿಬೇವಿನ ಜೊತೆ ಗಿಡದ ಕೀಟ ಬರುತ್ತದೆಂದು ಅದಕ್ಕೂ ಕಟ್ಟುನಿಟ್ಟು, ಸಿಕ್ಕಿದರೆ ಕಿತ್ತುಕೊಂಡು ನಾಶ ಮಾಡುತ್ತಾರೆ. ತುಪ್ಪ ಅಲ್ಲಿಯ ದೊಡ್ಡ ಸೂಪರ್‌ಮಾರ್ಕೆಟ್‌ಗಳಲ್ಲೇ ಸಿಗುತ್ತದೆ.